ದೊಡ್ಡ ಬೋರಿನ ಹಳೆಯ ಹೋಲ್ಟನ್ ಟ್ರಂಪೆಟ್ ಸಿಕ್ಕಿದೆ: ಕೊಳ್ಳುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಹಾಸನದ ಬ್ಯೂಗಲ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಆರು ವರ್ಷಗಳಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೇನೆ. ಕಾಲೇಜಿನಲ್ಲಿ ಎನ್‌ಸಿಸಿ ಬ್ಯಾಂಡಿಗೆ ಬ್ಯೂಗಲ್ ಊದುತ್ತಿದ್ದೆ, ಇಲ್ಲಿಗೆ ಬಂದ ಮೇಲೆ ಟ್ರಂಪೆಟ್ ಕಲಿಯಲು ತೊಡಗಿದೆ. ನನ್ನ ಬಳಿ ಇರುವುದು ಕಲಿಯುವವರಿಗೆಂದೇ ತಯಾರಾಗುವ ಯಮಾಹಾ ವೈಟಿಆರ್-2330. ಅದರ ಬೋರ್, ಅಂದರೆ ಕೊಳವೆಯ ಒಳವ್ಯಾಸ, 11.65 ಮಿಲಿಮೀಟರ್. ವಾರಕ್ಕೊಮ್ಮೆ ಸಭಾಂಗಣದಲ್ಲಿ ಸೇರುವ ಊರಿನ ಬ್ಯಾಂಡಿನಲ್ಲಿ ಮೂರನೆಯ ಟ್ರಂಪೆಟ್ ನುಡಿಸುತ್ತೇನೆ, ಅಂದರೆ ಬಹುಪಾಲು ಕೆಳಗಿನ ಸ್ವರಗಳಲ್ಲೇ ನನ್ನ ವಾಸ.

ಕಳೆದ ಭಾನುವಾರ ಎಲ್ಕ್‌ಹಾರ್ನ್ ಎಂಬ ಊರಿನ ಹಳೆಯ ಸಾಮಾನುಗಳ ಸಂತೆಯಲ್ಲಿ, ಹೊಲಿಗೆ ಯಂತ್ರಕ್ಕೂ ಮೀನಿನ ಗಾಳಗಳ ಬುಟ್ಟಿಗೂ ನಡುವೆ, ಹೋಲ್ಟನ್ ಎಸ್‌ಟಿ-302 ಟ್ರಂಪೆಟ್ ಕಣ್ಣಿಗೆ ಬಿತ್ತು. ಜಾಝ್ ಟ್ರಂಪೆಟ್ ವಾದಕ ಮೇನಾರ್ಡ್ ಫರ್ಗುಸನ್ ಅವರ ಹೆಸರಿನಲ್ಲಿ ಬಂದ ಮಾದರಿ ಅದು. ಬೆಳ್ಳಿಯ ಲೇಪ ಕಪ್ಪಾಗಿ, ವರ್ಷಗಟ್ಟಲೆ ತೊಳೆಯದ ದೇವರ ದೀಪದಂತಿತ್ತು. ಮಾರುವವರು ಅದನ್ನು ಎಪ್ಪತ್ತರ ದಶಕದ್ದೆಂದು ಹೇಳಿ 450 ಡಾಲರ್ ಕೇಳಿದರು. ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಮೂರು ವಾಲ್ವುಗಳಲ್ಲಿ ಎರಡನೆಯದು ಒತ್ತಿ ಬಿಟ್ಟರೆ ಮೇಲೆ ಬರುವುದು ಸ್ವಲ್ಪ ನಿಧಾನ. ಒಂದು ವಾರದ ಸಮಯ ಕೇಳಿಕೊಂಡು ಬಂದಿದ್ದೇನೆ.

ಇದರ ಬೋರ್ 0.468 ಇಂಚು, ಅಂದರೆ 11.89 ಮಿಲಿಮೀಟರ್. ನಮ್ಮ ಬ್ಯಾಂಡಿನ ಹಿರಿಯರೊಬ್ಬರು ಇದನ್ನು ಕೇಳಿದ ಕೂಡಲೇ, ಅದು ಗಾಳಿ ನುಂಗುವ ಭೂತ, ನಿನ್ನಂಥವನಿಗೆ ತಕ್ಕುದಲ್ಲ ಎಂದುಬಿಟ್ಟರು. ನಾಲ್ಕು ವರ್ಷ ಮಾತ್ರ ನುಡಿಸಿರುವ ನನ್ನಂಥವನಿಗೆ ಇದು ನಿಜಕ್ಕೂ ಒಗ್ಗುವುದಿಲ್ಲವೇ? ಆ ನಿಧಾನದ ವಾಲ್ವಿಗೆ ಹೆದರಬೇಕೇ? ಅಂಗಡಿಯಲ್ಲಿ ಅಲ್ಲ, ಸಂತೆಯ ಮೇಜಿನ ಮುಂದೆ ನಿಂತು, ಹತ್ತು ಹದಿನೈದು ನಿಮಿಷಗಳಲ್ಲಿ ಏನೇನು ಪರೀಕ್ಷಿಸಬಹುದು ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಿಚಿಗನ್ ದಂಡೆ

ಮೊದಲು ಆ ಅಂಕಿಯ ಭಯವನ್ನು ಇಳಿಸಿಬಿಡೋಣ. ಬೋರ್ ಎಂದು ಬರೆಯುವುದು ಎರಡನೆಯ ವಾಲ್ವಿನ ಸ್ಲೈಡಿನ (ಹೊರಗೆಳೆಯಬಹುದಾದ ಬಾಗಿದ ಕೊಳವೆಯ) ಒಳವ್ಯಾಸವನ್ನು ಮಾತ್ರ. ಇಡೀ ವಾದ್ಯ ಅಷ್ಟು ಅಗಲ ಎಂದಲ್ಲ. ನಿಮ್ಮ ಯಮಾಹಾಕ್ಕೂ ಈ ಹೋಲ್ಟನ್‌ಗೂ ಇರುವ ವ್ಯತ್ಯಾಸ 0.24 ಮಿಲಿಮೀಟರ್, ಅಂದರೆ ನೋಟ್‌ಬುಕ್ಕಿನ ಎರಡು ಹಾಳೆಗಳನ್ನು ಒತ್ತಿ ಹಿಡಿದಷ್ಟು. ಕೊಳವೆಯ ಬಾಯಿಯ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಸುಮಾರು ಶೇ. 4 ಹೆಚ್ಚು. 'ದೊಡ್ಡದು' ಎನ್ನುವ ಮಾತೂ ಒಂದೊಂದು ಕಂಪನಿಗೆ ಒಂದೊಂದು ಬಗೆ: ಬಾಕ್ ಕಂಪನಿ 0.459 ಇಂಚನ್ನು ಮಧ್ಯಮ-ದೊಡ್ಡದು ಎಂದೂ 0.462 ಇಂಚನ್ನು ದೊಡ್ಡದು ಎಂದೂ ಕರೆಯುತ್ತದೆ. ಬೆಂಜ್ ಕಂಪನಿಯ 5ಎಕ್ಸ್ ಮಾದರಿಯ ಬೋರ್ ನಿಮ್ಮ ಹೋಲ್ಟನ್‌ನಂತೆಯೇ 0.468. ನಿಮ್ಮ ಉಸಿರು ಹಾದುಹೋಗುವ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ವಾಲ್ವಿನ ಬಳಿ ಇಲ್ಲ, ತುಟಿಯ ಪಕ್ಕದಲ್ಲೇ ಇದೆ. ಸಾಮಾನ್ಯ ಬಾಕ್ ಮೌತ್‌ಪೀಸಿನ ತೂತು 3.66 ಮಿಲಿಮೀಟರ್ ಮಾತ್ರ. ಅಲ್ಲಿಂದ ಮುಂದೆ ಲೀಡ್‌ಪೈಪ್, ಅಂದರೆ ಮೌತ್‌ಪೀಸ್ ಕೂರುವ ಮೊದಲ ಕೊಳವೆ, ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ. ಊದುವಾಗ ಎದುರು ಸಿಗುವ ತಡೆಯನ್ನು ನಿರ್ಧರಿಸುವುದರಲ್ಲಿ ಆ ಮೌತ್‌ಪೀಸು ಮತ್ತು ಲೀಡ್‌ಪೈಪುಗಳ ಪಾಲು ಬೋರಿನ ಪಾಲಿಗಿಂತ ಹೆಚ್ಚು.

ಹಾಗೆಂದು ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹದಿನೆಂಟು ವರ್ಷಗಳಿಂದ ನಾನು 0.468ರ ವಾದ್ಯವೊಂದನ್ನು ನುಡಿಸುತ್ತಿದ್ದೇನೆ. ಇಂಥವುಗಳಲ್ಲಿ ಸ್ವರ ತನ್ನಷ್ಟಕ್ಕೆ ಗೂಡಿಗೆ ಬಂದು ಕೂರುವುದಿಲ್ಲ, ನೀವೇ ತಂದು ಕೂರಿಸಬೇಕು. ಕಲಿಯುವವರ ವಾದ್ಯದಲ್ಲಿ ಸ್ವರ ತುಸು ಅತ್ತಿತ್ತ ಆದರೂ ವಾದ್ಯವೇ ತಿದ್ದುತ್ತದೆ; ಇದು ನಿಮ್ಮ ತಪ್ಪನ್ನು ಇದ್ದಂತೆಯೇ ಹೊರಗೆ ಕಳುಹಿಸುತ್ತದೆ. ದೊಡ್ಡ ಬೋರಿನಲ್ಲಿ ಮೇಲಿನ ಸ್ವರಗಳು ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಈ ಮಾದರಿಗೆ ಹೆಸರು ಕೊಟ್ಟ ಫರ್ಗುಸನ್ ಪ್ರಸಿದ್ಧರಾದದ್ದೇ ಇತರರ ಕೈಗೆಟುಕದ ಮೇಲಿನ ಸ್ವರಗಳಿಂದ. ಆ ಕೆನಡಾದ ವಾದಕರು ಅರವತ್ತರ ದಶಕದ ಕೊನೆಯಲ್ಲಿ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದರು. ನಮ್ಮ ಕೋಲಾರದ ಗಡಿಯಿಂದ ಅದು ಬಹಳ ದೂರವಲ್ಲ. ಹೋಲ್ಟನ್ ಪೆಟ್ಟಿಗೆ ತೆರೆದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನೀವು ಅದನ್ನು ನೋಡಿದ ಊರೇ ಅದರ ತವರು. ಷಿಕಾಗೋದಲ್ಲಿ ಆರಂಭವಾದ ಹೋಲ್ಟನ್ ಕಂಪನಿ 1918ರಲ್ಲಿ ಎಲ್ಕ್‌ಹಾರ್ನ್‌ಗೆ ಬಂತು, 1964ರಲ್ಲಿ ಲೆಬ್ಲಾಂಕ್ ಕಂಪನಿಯ ಕೈಸೇರಿತು, ಆ ಕಾರ್ಖಾನೆ 2008ರಲ್ಲಿ ಮುಚ್ಚಿತು. ತವರೂರಿನ ಅಭಿಮಾನವನ್ನೂ ಸೇರಿಸಿ ಅವರು ಬೆಲೆ ಹೇಳಿರಬಹುದು, ಚೌಕಾಸಿ ಮಾಡಿ.

ಇನ್ನು ಪರೀಕ್ಷೆ. ಹೊಳಪನ್ನು ನೋಡಬೇಡಿ, ವಾಲ್ವನ್ನು ನೋಡಿ. ವಾಲ್ವ್ ಒತ್ತದೆ ಹಾಗೆಯೇ ಬಿಟ್ಟು, ಅದರ ಸ್ಲೈಡನ್ನು ಒಂದು ಇಂಚಿನಷ್ಟು ಹೊರಗೆಳೆಯಿರಿ. ಐದು ಎಣಿಸಿ, ಆಮೇಲೆ ವಾಲ್ವ್ ಒತ್ತಿ. ಪಿಸ್ಟನ್ (ವಾಲ್ವಿನೊಳಗೆ ಮೇಲೆ ಕೆಳಗೆ ಓಡುವ ಉರುಳೆ) ಮತ್ತು ಅದರ ಗೂಡಿನ ನಡುವೆ ಸಂದು ಬಿಗಿಯಾಗಿದ್ದರೆ, ಒಳಗೆ ಹಿಡಿದಿಟ್ಟ ನಿರ್ವಾತ ಒಮ್ಮೆಲೇ ಬಿಡುಗಡೆಯಾಗಿ ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ 'ಟಪ್' ಎನ್ನುತ್ತದೆ. ಸವೆದಿದ್ದರೆ ಗಾಳಿ ಅಷ್ಟರಲ್ಲೇ ಒಳನುಗ್ಗಿರುತ್ತದೆ, ಸದ್ದೇ ಬರುವುದಿಲ್ಲ. ಮೂರೂ ವಾಲ್ವುಗಳಿಗೆ ಹೀಗೆ ಮಾಡಿ. ಎಣ್ಣೆ ಸುರಿದು ದಪ್ಪ ಮಾಡಿದ್ದರೆ ಸವೆದ ವಾಲ್ವೂ 'ಟಪ್' ಎನ್ನಬಹುದು, ಆದ್ದರಿಂದ ಮೊದಲು ಒರೆಸಿಕೊಳ್ಳಲು ಅನುಮತಿ ಕೇಳಿ. ದೊಡ್ಡ ಬೋರಿನ ವಾದ್ಯದಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು. ವಾಲ್ವ್ ಸೋರುವ ಟ್ರಂಪೆಟ್ ಊದಿ ಸುಸ್ತಾಗಿ, ತಪ್ಪನ್ನು ಬೋರಿನ ಮೇಲೆ ಹೊರಿಸಿದವರನ್ನು ನಾನು ಕಂಡಿದ್ದೇನೆ. ನಿಮ್ಮ ಬ್ಯಾಂಡಿನ ಹಿರಿಯರು ಕಂಡ ಭೂತವೂ ಅಂಥದ್ದೇ ಇದ್ದೀತು.

ಎರಡನೆಯ ವಾಲ್ವ್ ನಿಧಾನವಾಗಲು ಕೊಳೆ ಒಂದು ಕಾರಣ, ಪೆಟ್ಟು ಇನ್ನೊಂದು. ಎರಡನೆಯ ಸ್ಲೈಡ್ ಪಕ್ಕಕ್ಕೆ ಚಾಚಿಕೊಂಡಿರುತ್ತದೆ; ವಾದ್ಯ ಆ ಮಗ್ಗುಲಿಗೆ ಬಿದ್ದರೆ ಸ್ಲೈಡು ಗೂಡನ್ನೇ ಒಳಕ್ಕೆ ತಳ್ಳುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿ ನೋಡಿ. ಕೊಳೆಯಾದರೆ ಬಚಾವಾದಿರಿ, ಗೂಡೇ ನೆಗ್ಗಿದ್ದರೆ ಅದು ಅನುಭವಿ ರಿಪೇರಿಯವರ ಕೆಲಸ.

ಆಮೇಲೆ ಲೀಡ್‌ಪೈಪ್. ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಕಳಚಿ ಫೋನಿನ ದೀಪ ಹಾಕಿ ಒಳಗೆ ನೋಡಿ. ಹೊರಗಡೆ ಲೇಪದ ಕೆಳಗೆ ಗುಲಾಬಿ ಬಣ್ಣದ ಚುಕ್ಕೆ, ಅದರ ನಡುವೆ ಕಪ್ಪು ಬಿಂದು ಕಂಡರೆ ಅದಕ್ಕೆ ಇಲ್ಲಿನವರು 'ರೆಡ್ ರಾಟ್' ಎನ್ನುತ್ತಾರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ವರ್ಷಗಟ್ಟಲೆ ಒಳಗೆ ನಿಂತ ಎಂಜಲಿನ ತೇವ ಸತುವನ್ನು ಕರಗಿಸಿಬಿಟ್ಟು ಜಾಳುಜಾಳಾದ ತಾಮ್ರವನ್ನಷ್ಟೇ ಉಳಿಸುತ್ತದೆ. ಅದು ಒಳಗಿನಿಂದ ಹೊರಕ್ಕೆ ಬರುವ ರೋಗ. ಮೇಲೆ ಉಜ್ಜಿದರೆ ಹೋಗುವುದಿಲ್ಲ, ಕೊನೆಗೆ ಪೈಪನ್ನೇ ಬದಲಾಯಿಸಬೇಕಾಗುತ್ತದೆ. ಬೆಲ್ಲಿನ, ಅಂದರೆ ವಾದ್ಯದ ಮುಂದಿನ ಅಗಲ ಬಾಯಿಯ, ಅಂಚಿನ ಸಣ್ಣ ನೆಗ್ಗುಗಳನ್ನೂ ಬೆಳ್ಳಿಯ ಕಪ್ಪನ್ನೂ ಲೆಕ್ಕಕ್ಕೆ ಇಡಬೇಡಿ.

ನಾನು ಇದನ್ನೆಲ್ಲ ಕಲಿತದ್ದು ಕೈ ಸುಟ್ಟುಕೊಂಡೇ. ಮೊದಲ ಸಲ ಚಿತ್ರ ನೋಡಿ ದೂರದ ಮಾರಾಟಗಾರರೊಬ್ಬರಿಂದ ತರಿಸಿಕೊಂಡೆ. ಕನ್ನಡಿಯಂತೆ ಹೊಳೆಯುತ್ತಿತ್ತು, ಮೂರು ವಾಲ್ವುಗಳಲ್ಲಿ ಒಂದೂ 'ಟಪ್' ಎನ್ನಲಿಲ್ಲ. ಪಿಸ್ಟನ್‌ಗಳಿಗೆ ಹೊಸದಾಗಿ ಲೋಹ ಲೇಪಿಸಿ, ಗೂಡಿಗೆ ಹೊಂದುವಂತೆ ಸಾಣೆ ಹಿಡಿದು ಕೊಡುವ ಕೆಲಸಕ್ಕೆ ವಾದ್ಯದ ಬೆಲೆಗಿಂತ ಹೆಚ್ಚು ಖರ್ಚಾಯಿತು, ನಾಲ್ಕು ತಿಂಗಳು ಕಾದೆ. ಕನ್ನಡಿಯಂಥ ಹೊಳಪು ಕಂಡರೆ ಈಗ ನನಗೆ ಅನುಮಾನ ಬರುತ್ತದೆ, ಏಕೆಂದರೆ ಯಂತ್ರದಲ್ಲಿ ಉಜ್ಜಿ ಹೊಳಪು ಕೊಟ್ಟಾಗ ಬೆಲ್ಲಿನ ಲೋಹವೂ ತೆಳುವಾಗುತ್ತದೆ.

ಉತ್ತರ: ಮೈಸೂರಿನ ನಿವೃತ್ತ ವಾದ್ಯಗಾರ

ಮೇಲಿನವರು ವಾದ್ಯದ ಪರೀಕ್ಷೆಯನ್ನು ಚೆನ್ನಾಗಿ ಹೇಳಿದ್ದಾರೆ. ನಾನು ವಾದಕನ ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಮೂವತ್ತೊಂದು ವರ್ಷ ಸಮವಸ್ತ್ರದಲ್ಲಿ ನಿಂತು ಊದಿದವನು ನಾನು, ಈಗ ಮೊಮ್ಮಕ್ಕಳಿಗೆ ಕಲಿಸುತ್ತಿದ್ದೇನೆ.

ನಿಮ್ಮ ಯಮಾಹಾದಲ್ಲಿ ಕೆಳಗಿನ ಜಿ ಸ್ವರವನ್ನು, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ, ನಡುಗದಂತೆ ಎಷ್ಟು ಸೆಕೆಂಡು ಹಿಡಿಯಬಲ್ಲಿರಿ ಎಂದು ಗಡಿಯಾರ ಇಟ್ಟು ಬರೆದುಕೊಳ್ಳಿ. ಅದೇ ಮೌತ್‌ಪೀಸಿನಲ್ಲಿ ಹೋಲ್ಟನ್‌ನಲ್ಲಿಯೂ ಹಿಡಿದು ನೋಡಿ. ಮೊದಲ ದಿನ ಮೂರನೆಯ ಒಂದು ಭಾಗ ಕಡಿಮೆಯಾದರೂ ಗಾಬರಿಯಾಗಬೇಕಿಲ್ಲ. ದೊಡ್ಡ ಬೋರಿನ ವಾದ್ಯ ಕೈಗೆ ಬಂದ ತರುಣರೆಲ್ಲ ಮಾಡುವ ತಪ್ಪು ಒಂದೇ: ತಡೆ ಕಡಿಮೆ ಇದೆ ಎಂದು ಗಾಳಿಯನ್ನು ಒಮ್ಮೆಲೇ ಚೆಲ್ಲಿಬಿಡುತ್ತಾರೆ. ಬಾವಿಯ ಹಗ್ಗವನ್ನು ಒಂದೇ ಸಲಕ್ಕೆ ಬಿಟ್ಟರೆ ಕೊಡ ತಳಕ್ಕೆ ಬಡಿಯುತ್ತದೆಯೇ ಹೊರತು ನೀರು ತುಂಬುವುದಿಲ್ಲ. ಗಾಳಿಯನ್ನು ಹೆಚ್ಚು ಕೊಡುವುದಕ್ಕಿಂತ ಸಮನಾಗಿ ಕೊಡುವುದನ್ನು ಅಭ್ಯಾಸ ಮಾಡಿ. ಹದಿನೈದು ದಿನ ಮೆಲ್ಲಗಿನ ನೀಳ ಸ್ವರಗಳನ್ನು ಬಿಟ್ಟು ಬೇರೇನೂ ನುಡಿಸಬೇಡಿ ಎಂದು ನಾನು ನನ್ನ ಶಿಷ್ಯರಿಗೆ ಹೇಳುತ್ತೇನೆ. ಯಾರೂ ಪಾಲಿಸುವುದಿಲ್ಲ, ಅದು ಬೇರೆ ಮಾತು.

ಶ್ರುತಿಯ ವಿಷಯದಲ್ಲಿ ಎಲ್ಲ ಟ್ರಂಪೆಟ್‌ಗಳಿಗೂ ಹುಟ್ಟುಗುಣಗಳಿವೆ. ಒಂದು ಮತ್ತು ಮೂರನೆಯ ವಾಲ್ವುಗಳನ್ನು ಒಟ್ಟಿಗೆ ಒತ್ತಿದಾಗ ಕೆಳಗಿನ ಡಿ ಏರುತ್ತದೆ, ಮೂರನ್ನೂ ಒತ್ತಿದಾಗ ಸಿ ಶಾರ್ಪ್ ಇನ್ನೂ ಏರುತ್ತದೆ. ಅದಕ್ಕಾಗಿಯೇ ಮೂರನೆಯ ಸ್ಲೈಡಿಗೆ ಉಂಗುರ ಇರುವುದು. ನೀವು ಮೂರನೆಯ ಟ್ರಂಪೆಟ್ ನುಡಿಸುವವರಾದ್ದರಿಂದ ಈ ಎರಡು ಸ್ವರಗಳು ನಿಮ್ಮ ಪಾಲಿಗೆ ದಿನನಿತ್ಯದವು. ಆ ಸ್ಲೈಡ್ ಬೆರಳಿನ ಸನ್ನೆಗೇ ಜಾರದಿದ್ದರೆ ನಿಮಗೆ ಉಪಯೋಗವಿಲ್ಲ, ಸಂತೆಯಲ್ಲಿ ಅದನ್ನೂ ನೋಡಿ.

ವಾದ್ಯ ತಂದ ಕೂಡಲೇ ಮಾಡಬೇಕಾದ ಅತಿ ಅಗ್ಗದ ಕೆಲಸವೆಂದರೆ ವಾಲ್ವಿನೊಳಗಿನ ಫೆಲ್ಟು ಮತ್ತು ಕಾರ್ಕುಗಳೆಂಬ ಮೆತ್ತನೆಯ ಬಿಲ್ಲೆಗಳನ್ನು ಬದಲಾಯಿಸುವುದು. ಐವತ್ತು ವರ್ಷ ಒತ್ತಿಸಿಕೊಂಡ ಫೆಲ್ಟು ಹಪ್ಪಳದಂತೆ ತೆಳುವಾಗಿರುತ್ತದೆ. ಆಗ ಪಿಸ್ಟನ್ ಇರಬೇಕಾದ ಎತ್ತರದಲ್ಲಿ ನಿಲ್ಲುವುದಿಲ್ಲ, ಅದರ ತೂತಿಗೂ ಕೊಳವೆಯ ಬಾಯಿಗೂ ಅರ್ಧಚಂದ್ರದಷ್ಟು ಅಂತರ ಬೀಳುತ್ತದೆ. ಬೋರ್ ಎಷ್ಟೇ ದೊಡ್ಡದಿರಲಿ, ಬಾಗಿಲನ್ನೇ ಅರೆ ಮುಚ್ಚಿದ ಹಾಗಾಯಿತು.

ಎಣ್ಣೆಗೆ ವಾಲ್ವ್ ಆಯಿಲನ್ನೇ ಬಳಸಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀಸೆ ಮುಗಿದಿತ್ತೆಂದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಎರಡು ಹನಿ ಬಿಟ್ಟಿದ್ದೆ. ಮರುದಿನ ಜನವರಿ 26, ಬೆಳಗಿನ ಚಳಿ. ಮೈದಾನದಲ್ಲಿ ಸಾಲು ಹೊರಟಿತು, ನನ್ನ ಮೂರೂ ವಾಲ್ವುಗಳು ತುಪ್ಪ ಹೆಪ್ಪುಗಟ್ಟಿದ ಹಾಗೆ ಕೆಳಗೇ ಉಳಿದವು. ಇಡೀ ಕವಾಯತು ಮುಗಿಯುವವರೆಗೆ ಕೆನ್ನೆ ಉಬ್ಬಿಸಿ ಊದುವಂತೆ ನಟಿಸಿದೆ. ವಿಸ್ಕಾನ್ಸಿನ್‌ನ ಚಳಿಯಲ್ಲಿ ಅಂಥ ಪ್ರಯೋಗ ಬೇಡ.

ಇನ್ನೊಂದು ವಿಷಯ, ಮುಂದೆ ಇದಕ್ಕಿಂತ ಹಳೆಯದನ್ನು ಕೊಳ್ಳುವ ಆಸೆ ಬಂದರೆ ನೆನಪಿರಲಿ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನಿಂದ ಬಂದ ಎಷ್ಟೋ ವಾದ್ಯಗಳು ಇಂದಿನ 440ರ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳ) ಶ್ರುತಿಗೆ ಮಾಡಿದವಲ್ಲ, 452ರ ಆಸುಪಾಸಿನ ಎತ್ತರದ ಶ್ರುತಿಯವು. ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಎಳೆದು ಒಂದು ಸ್ವರವನ್ನು ಕೂಡಿಸಿದರೆ ಮಿಕ್ಕವು ಕೆಡುತ್ತವೆ. ಎಪ್ಪತ್ತರ ದಶಕದ ಹೋಲ್ಟನ್‌ಗೆ ಆ ಚಿಂತೆಯಿಲ್ಲ.

ಉತ್ತರ: ಕಡಲತಡಿ

ಮಂಗಳೂರಿನ ಕಡೆಯ ಇಗರ್ಜಿ ಹಬ್ಬಗಳ ಮೆರವಣಿಗೆಯಲ್ಲಿ ನುಡಿಸುವವನು ನಾನು. ಬಯಲಿನಲ್ಲಿ ದೊಡ್ಡ ಬೋರ್ ಹೆಚ್ಚು ದೂರ ಕೇಳಿಸುತ್ತದೆ ಎಂದು ನಂಬಿ ಸ್ನೇಹಿತರ ಇಂಥದೇ ವಾದ್ಯವನ್ನು ಒಂದು ಹಬ್ಬಕ್ಕೆ ತೆಗೆದುಕೊಂಡು ಹೋಗಿದ್ದೆ. ಕಿವಿಯ ಬಳಿ ನಾದ ತುಂಬಿಕೊಂಡಿತ್ತು, ಆದರೆ ಹಿಂದಿನ ಸಾಲಿನವರು ನೀನು ಇವತ್ತು ಕೇಳಿಸಲೇ ಇಲ್ಲ ಎಂದರು. ಅಗಲವಾದ ನಾದ ಗೋಡೆಗಳಿರುವ ಕೋಣೆಯಲ್ಲಿ ಚೆಂದ. ಬಯಲಲ್ಲಿ ದೂರ ಹೋಗುವುದು ಮೊನಚಾದ ನಾದ. ಆಮೇಲೆ ಕಪ್ಪಿನ, ಅಂದರೆ ತುಟಿ ಇಡುವ ಬಟ್ಟಲಿನ, ಆಳ ಕಡಿಮೆ ಇರುವ ಮೌತ್‌ಪೀಸ್ ಹಾಕಿದೆ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ನೀವೂ ಕೊಳ್ಳುವಾಗಲೇ ಅಂಥದ್ದೊಂದನ್ನು ಜೊತೆಗೆ ತೆಗೆದುಕೊಳ್ಳಿ ಎಂದು ನನ್ನ ಸಲಹೆ.

ಉತ್ತರ: ಮಿಚಿಗನ್ ದಂಡೆ

ಕಡಲತಡಿಯವರ ಅನುಭವವನ್ನು ಒಪ್ಪುತ್ತೇನೆ, ಸಲಹೆಯನ್ನು ಒಪ್ಪುವುದಿಲ್ಲ. ವಾದ್ಯ ಮತ್ತು ಮೌತ್‌ಪೀಸ್ ಎರಡನ್ನೂ ಒಂದೇ ದಿನ ಬದಲಾಯಿಸಿದರೆ ಗುಣವಾಗಲಿ ದೋಷವಾಗಲಿ ಯಾವುದರದ್ದೆಂದು ತಿಳಿಯುವುದಿಲ್ಲ. ಪ್ರಶ್ನೆ ಕೇಳಿದವರು ಮೆರವಣಿಗೆಯಲ್ಲಿ ಅಲ್ಲ, ಸಭಾಂಗಣದಲ್ಲಿ ಕುಳಿತು ಕೆಳಗಿನ ಭಾಗ ನುಡಿಸುವವರು. ಕಪ್ಪಿನ ಆಳ ಕಡಿಮೆ ಮಾಡಿದರೆ ಅವರಿಗೆ ಬೇಕಾದ ನಾದವೇ ತೆಳುವಾಗುತ್ತದೆ. ಯಮಾಹಾದಲ್ಲಿ ಬಳಸುವ ಮೌತ್‌ಪೀಸನ್ನೇ ಸಂತೆಗೆ ಒಯ್ಯಿರಿ. ಹಾಕಿ, ಮೆಲ್ಲಗೆ ತಿರುಗಿಸಿ, ಪಕ್ಕಕ್ಕೆ ಅಲುಗಿಸಿ ನೋಡಿ. ಅಲುಗಾಡಿದರೆ ಅದನ್ನು ಕೂರಿಸುವ ಟ್ರಂಪೆಟ್ಟಿನ ಬಾಯಿ ಸವೆದಿದೆ ಎಂದರ್ಥ.

ಉತ್ತರ: ಕಡಲತಡಿ

ಸಭಾಂಗಣ ಎಂಬುದನ್ನು ನಾನು ಗಮನಿಸಿರಲಿಲ್ಲ. ಸಲಹೆಯನ್ನು ಹಿಂದೆ ತೆಗೆದುಕೊಂಡಿದ್ದೇನೆ. ಬಯಲಿಗೆ ಮಾತ್ರ ನನ್ನ ಮಾತು ನನ್ನದೇ.

ಉತ್ತರ: ಹಾಸನದ ಬ್ಯೂಗಲ್

ಎಲ್ಲರಿಗೂ ಧನ್ಯವಾದಗಳು. ಶನಿವಾರ ಮಾರುವವರ ಮನೆಗೇ ಹೋಗಿ ಗ್ಯಾರೇಜಿನಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಒರೆಸಿದ ಮೇಲೆ ಒಂದು ಮತ್ತು ಮೂರನೆಯ ವಾಲ್ವುಗಳು ಗ್ಯಾರೇಜಿನಲ್ಲಿ ಪ್ರತಿಧ್ವನಿಸುವಂತೆ 'ಟಪ್' ಎಂದವು. ಎರಡನೆಯದು ಅಷ್ಟು ಜೋರಾಗಿ ಅಲ್ಲದಿದ್ದರೂ ಸದ್ದು ಮಾಡಿತು. ಅದರ ಕೆಳಗಿನ ಮುಚ್ಚಳ ಬಿಚ್ಚಿದಾಗ ಹಸಿರು ಮಿಶ್ರಿತ ಕಪ್ಪು ಕೊಳೆ, ಕಾಫಿ ಫಿಲ್ಟರಿನ ತಳದ ಗಸಿಯಂತೆ, ಮುಚ್ಚಳದ ತುಂಬ ಇತ್ತು. ಅದನ್ನು ತೆಗೆದು ಎಣ್ಣೆ ಹಾಕಿದ ಮೇಲೆ ವಾಲ್ವ್ ಚುರುಕಾಯಿತು. ಆದರೆ ಎಡಗೈಯಿಂದ ಬಿಗಿಯಾಗಿ ಹಿಡಿದರೆ ಮತ್ತೆ ತುಸು ಅಂಟುತ್ತದೆ, ಆದ್ದರಿಂದ ಗೂಡಿಗೂ ಸಣ್ಣ ಪೆಟ್ಟು ಬಿದ್ದಿರಬೇಕು. ಲೀಡ್‌ಪೈಪಿನ ಒಳಗೆ ಕೊಳೆಯ ಪದರ ಬಿಟ್ಟರೆ ಬೇರೇನೂ ಕಾಣಲಿಲ್ಲ; ಹೊರಗೆ ಗುಲಾಬಿ ಚುಕ್ಕೆ ಒಂದೂ ಇಲ್ಲ. ಮೂರನೆಯ ಸ್ಲೈಡ್ ಜಾಮ್ ಆಗಿತ್ತು. ಆ ಸ್ಲೈಡನ್ನೂ ಎರಡನೆಯ ವಾಲ್ವನ್ನೂ ತೋರಿಸಿ 370 ಡಾಲರಿಗೆ ಒಪ್ಪಿಸಿದೆ.

ರಿಪೇರಿಯವರು ಸ್ಲೈಡನ್ನು ಬಿಡಿಸಿ, ಗೂಡನ್ನು ಸರಿಪಡಿಸಿ, ಒಳಗೆಲ್ಲ ತೊಳೆದು ಕೊಡಲು 110 ಡಾಲರ್ ತೆಗೆದುಕೊಂಡರು. ಬೆಳ್ಳಿಯನ್ನು ಯಂತ್ರದಲ್ಲಿ ಉಜ್ಜುವುದು ಬೇಡ ಎಂದಾಗ ಅವರು ನಗುತ್ತಾ ಯಾರು ಹೇಳಿಕೊಟ್ಟರು ಎಂದು ಕೇಳಿದರು.

ಮೈಸೂರಿನ ಸರ್ ಅವರಿಗೆ ಲೆಕ್ಕ ಒಪ್ಪಿಸುತ್ತಿದ್ದೇನೆ. ಕೆಳಗಿನ ಜಿ ಯಮಾಹಾದಲ್ಲಿ 34 ಸೆಕೆಂಡು ಬಂದಿತ್ತು. ಹೋಲ್ಟನ್‌ನಲ್ಲಿ ಮೊದಲ ದಿನ 21, ಹತ್ತನೆಯ ದಿನವಾದ ಇಂದು 29. ಹದಿನೈದು ದಿನ ನೀಳ ಸ್ವರಗಳನ್ನು ಬಿಟ್ಟು ಬೇರೇನೂ ನುಡಿಸಬಾರದೆಂಬ ನಿಯಮವನ್ನು ನಾನೂ ಪಾಲಿಸಲಿಲ್ಲ, ಮೊನ್ನೆ ಬ್ಯಾಂಡಿಗೆ ಒಯ್ದುಬಿಟ್ಟೆ. ಭೂತ ಎಂದಿದ್ದ ಹಿರಿಯರು ತಾವೇ ತೆಗೆದುಕೊಂಡು ಎರಡು ಸಾಲು ನುಡಿಸಿ, ಏನೂ ಹೇಳದೆ ಹಿಂದಿರುಗಿಸಿದರು. ಫೆಲ್ಟುಗಳನ್ನು ಮಾತ್ರ ಇನ್ನೂ ಬದಲಾಯಿಸಿಲ್ಲ. ಇದೇ ಮಾದರಿಗೆ ಸರಿಹೊಂದುವ ದಪ್ಪದ ಫೆಲ್ಟು ಎಲ್ಲಿ ಸಿಗುತ್ತದೆ ಎಂದು ಮಿಚಿಗನ್ ದಂಡೆಯವರು ತಿಳಿಸಿದರೆ ಈ ವಾರವೇ ತರಿಸಿಕೊಳ್ಳುತ್ತೇನೆ.

ಉತ್ತರ: ಮಿಚಿಗನ್ ದಂಡೆ

ಸಿದ್ಧ ಜೋಡಿಯನ್ನು ಹುಡುಕಬೇಡಿ. ಬೇರೆ ಬೇರೆ ದಪ್ಪದ ಫೆಲ್ಟುಗಳನ್ನು ಒಟ್ಟಿಗೆ ತರಿಸಿ. ಎರಡನೆಯ ಸ್ಲೈಡನ್ನು ಕಳಚಿ, ಆ ಕೊಳವೆಯ ಬಾಯಿಯಿಂದ ದೀಪ ಹಾಕಿ, ವಾಲ್ವ್ ಒತ್ತಿ ಹಿಡಿದು ನೋಡಿದರೆ ಪಿಸ್ಟನ್ನಿನ ತೂತು ಮೇಲಿದೆಯೋ ಕೆಳಗಿದೆಯೋ ಕಣ್ಣಿಗೇ ಕಾಣುತ್ತದೆ. ತೂತು ಕೆಳಗಿಳಿದಿದ್ದರೆ ಬೆರಳಿಡುವ ಗುಂಡಿಯ ಅಡಿಯ ಫೆಲ್ಟು ದಪ್ಪದ್ದು ಹಾಕಿ, ಮೇಲೆ ಉಳಿದಿದ್ದರೆ ತೆಳ್ಳಗಿನದು. ಒಂದು ಮತ್ತು ಮೂರಕ್ಕೂ ಅದೇ ಅಳತೆಯಿಂದ ಶುರುಮಾಡಿ. ಆ ಎರಡರೊಳಗೆ ಹೀಗೆ ನೇರವಾಗಿ ನೋಡಲು ಆಗುವುದಿಲ್ಲ, ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯೊಂದು ಬೇಕಾಗುತ್ತದೆ.